ಮಳೆ ಬಂದರೆ, ಮಳೆ ಬಂದಿದ್ದರೆ: ನಾಲ್ಕು ತಾಲ್ಲೂಕುಗಳ ಇಂಗ್ಲಿಷ್ ಶಿಕ್ಷಕರಿಗೊಂದು ಬಹಿರಂಗ ಪತ್ರ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಕನ್ನಡ ಮಾಧ್ಯಮ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತಿರುವ ಎಲ್ಲ ಮೇಷ್ಟ್ರುಗಳಿಗೆ, ಮೇಡಂಗಳಿಗೆ,



ನಿಮ್ಮ ಸೀಮೆಯ ಶಾಲೆಗಳಲ್ಲೇ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು ನಾನು. ಈ ಪತ್ರ ಬರೆಯುತ್ತಿರುವುದು ಒಂದೇ ವಿಷಯಕ್ಕೆ: ‘ಇಫ್ ಕ್ಲಾಝ್’, ಅಂದರೆ ಷರತ್ತಿನ ವಾಕ್ಯ. ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆ ಇಂಗ್ಲಿಷ್ ಪತ್ರಿಕೆಯಲ್ಲಿ ಅದಕ್ಕೆ ಸಾಮಾನ್ಯವಾಗಿ ಮೀಸಲಿರುವುದು ಒಂದು ಅಂಕದ ಬಹು ಆಯ್ಕೆ ಪ್ರಶ್ನೆ. 80 ಅಂಕದ ಪತ್ರಿಕೆಯ ಒಂದು ಅಂಕಕ್ಕೆ ಇಷ್ಟುದ್ದದ ಪತ್ರವೇ ಎಂದು ನೀವು ಕೇಳಬಹುದು. ತೊಂದರೆ ಶುರುವಾಗುವುದೇ ಆ ಒಂದು ಅಂಕದಿಂದ. ಅಷ್ಟಕ್ಕೆ ಎಷ್ಟು ಬೇಕೋ ಅಷ್ಟನ್ನು ಮಾತ್ರ ಹಲಗೆಯ ಮೇಲೆ ಬರೆಯುತ್ತೇವೆ: ಆ ಕಡೆ ಪ್ರೆಸೆಂಟ್ ಇದ್ದರೆ ಈ ಕಡೆ ‘ವಿಲ್’, ಪಾಸ್ಟ್ ಇದ್ದರೆ ‘ವುಡ್’, ‘ಹ್ಯಾಡ್’ ಇದ್ದರೆ ‘ವುಡ್ ಹ್ಯಾವ್’. ಮಕ್ಕಳು ಸೂತ್ರ ಬಾಯಿಪಾಠ ಮಾಡುತ್ತಾರೆ, ಸರಿಯುತ್ತರ ಆರಿಸುತ್ತಾರೆ, ಅಂಕವೂ ಬರುತ್ತದೆ. ಅದೇ ಹುಡುಗಿ ಪಿಯುಸಿಗೆ ಸೇರಿದ ಮೇಲೆ ‘ನಾಳೆ ಬಸ್ಸು ಬರದಿದ್ದರೆ ನಾನು ಕಾಲೇಜಿಗೆ ಬರೋಕಾಗಲ್ಲ ಮಿಸ್’ ಎಂಬ ಸರಳ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ತಡವರಿಸುತ್ತಾಳೆ.

ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. ಅಂದರೆ ಇವತ್ತು ಹತ್ತನೇ ತರಗತಿಯಲ್ಲಿ ಕೂತ ಮಗು ಹತ್ತು ವರ್ಷದಿಂದ ಆ ಭಾಷೆಯನ್ನು ಓದುತ್ತಿದೆ. ಹತ್ತು ವರ್ಷದ ಕೊನೆಗೂ ಷರತ್ತು ಹಾಕಲು, ಮಾತು ಕೊಡಲು, ಎಚ್ಚರಿಸಲು, ಹಳಹಳಿಸಲು ಬಾರದ ಇಂಗ್ಲಿಷು ಆ ಮಗುವಿನ ಯಾವ ಕೆಲಸಕ್ಕೆ ಬರುತ್ತದೆ? ಬ್ಯಾಂಕಿನ ಸಾಲದ ಪತ್ರ, ಬೆಳೆ ವಿಮೆಯ ನಿಯಮಗಳು, ಕಾರ್ಖಾನೆಯ ನೇಮಕಾತಿ ಆದೇಶ, ಎಲ್ಲ ನಿಂತಿರುವುದು ‘ಇಫ್’ ಮೇಲೆ. ಕಬಿನಿ ದಂಡೆಯ ರೆಸಾರ್ಟಿನಲ್ಲಿ ಕೆಲಸ ಕೇಳಲು ಹೋದ ಹುಡುಗನಿಗೆ ಎದುರಾಗುವ ಪ್ರಶ್ನೆಯೂ ಸಾಮಾನ್ಯವಾಗಿ ಅದೇ ಅಚ್ಚಿನದು: ಅತಿಥಿ ಸಿಟ್ಟಾದರೆ ಏನು ಮಾಡುತ್ತೀಯ?

ನಮ್ಮ ಮಕ್ಕಳಿಗೆ ಷರತ್ತಿನ ಮಾತು ಹೊಸದಲ್ಲ. ಅವರು ಬೆಳೆದಿರುವುದೇ ಅದರ ನಡುವೆ. ತಂಬಾಕಿನ ಸಸಿ ನಾಟಿಯ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣದ ಯಾವ ಜಗಲಿಯಲ್ಲಿ ಕೂತರೂ ಕೇಳುವ ಮಾತು ‘ಮಳೆ ಬಂದ್ರೆ’. ಏಪ್ರಿಲ್ ಕೊನೆಯಿಂದ ಮೇ ಮೊದಲ ಭಾಗದವರೆಗಿನ ಭರಣಿ ಮಳೆಗೂ ನಮ್ಮ ನಾಟಿಗೂ ನಂಟಿದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಗಾದೆ ಎಲ್ಲ ಮನೆಯಲ್ಲೂ ಇದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಇನ್ನೊಂದು. ಇಂಗ್ಲಿಷ್ ವ್ಯಾಕರಣದವರು ‘ಝೀರೋ ಕಂಡೀಷನಲ್’ ಎಂದು ಹೆಸರಿಟ್ಟು ಕಲಿಸುವುದು ಇದನ್ನೇ: ಯಾವತ್ತು ಹೀಗಾದರೂ ಹಾಗಾಗುತ್ತದೆ ಎನ್ನುವ ಮಾತು. ತಂಬಾಕು ಹದಮಾಡುವ ಬ್ಯಾರನ್ನಿನಲ್ಲಿ ಎಲೆ ಹಳದಿಗೆ ತಿರುಗುವ ಮೊದಲೇ ಅವಸರದಿಂದ ಶಾಖ ಏರಿಸಿದರೆ ಎಲೆ ಹಸಿರಾಗಿಯೇ ಒಣಗುತ್ತದೆ. ಇದು ಮನೆಯಲ್ಲಿ ಹಿರಿಯರ ಬಾಯಲ್ಲಿ ಕೇಳಿ ಮಗುವಿಗೆ ಗೊತ್ತಿರುವ ಸತ್ಯ. ಹಾಗಿರುವಾಗ ನಾವು ಐಸ್ ಬಿಸಿ ಮಾಡಿದರೆ ಕರಗುತ್ತದೆ ಎಂಬ ಪುಸ್ತಕದ ವಾಕ್ಯವನ್ನೇ ಯಾಕೆ ಹಿಡಿದುಕೊಳ್ಳಬೇಕು? ‘ಇಫ್ ಯು ಹೀಟ್ ದಿ ಬಾರ್ನ್ ಟೂ ಫಾಸ್ಟ್, ದಿ ಲೀವ್ಸ್ ಡ್ರೈ ಗ್ರೀನ್’ ಎಂದು ಬರೆಯಿರಿ. ಹಿಂದಿನ ಬೆಂಚಿನಲ್ಲಿ ಮಾತಾಡದೆ ಕೂತಿರುವ ಹುಡುಗ ಬಾಯಿ ತೆರೆಯುತ್ತಾನೆ, ಯಾಕೆಂದರೆ ಆ ವಿಷಯದಲ್ಲಿ ಅವನಿಗೆ ನಿಮಗಿಂತ ಹೆಚ್ಚು ಗೊತ್ತು.

ಈಗ ತಪ್ಪುಗಳ ವಿಚಾರಕ್ಕೆ ಬರುತ್ತೇನೆ. ನಮ್ಮ ಮಕ್ಕಳ ತಪ್ಪುಗಳಿಗೆ ಕಾರಣವಿದೆ. ಆ ಕಾರಣ ಬಹುಮಟ್ಟಿಗೆ ಕನ್ನಡದ ಕ್ರಿಯಾಪದದೊಳಗೇ ಸಿಗುತ್ತದೆ.

ಎಲ್ಲರ ನೋಟ್‌ಬುಕ್ಕಿನಲ್ಲೂ ಕಾಣುವ ಮೊದಲ ತಪ್ಪು ‘ಇಫ್ ಇಟ್ ವಿಲ್ ರೇನ್ ಟುಮಾರೋ’. ನಾಳೆ ಎಂದ ಮೇಲೆ ‘ವಿಲ್’ ಬರಲೇಬೇಕು ಎಂದು ಏಳನೇ ತರಗತಿಯಿಂದ ನಾವೇ ಹೇಳಿಕೊಟ್ಟಿದ್ದೇವಲ್ಲ. ಇದನ್ನು ಬಿಡಿಸಲು ಇಂಗ್ಲಿಷ್ ನಿಯಮ ಹೇಳುವ ಮೊದಲು ಕನ್ನಡದ ವಾಕ್ಯ ಬರೆಸಿ: ‘ನಾಳೆ ಮಳೆ ಬಂದರೆ ಸಸಿ ನೆಡುತ್ತೇವೆ.’ ‘ಬಂದರೆ’ ಎಂಬಲ್ಲಿರುವುದು ‘ಬಂದ’, ಭೂತಕಾಲದ ರೂಪ. ಮಳೆ ಇನ್ನೂ ಬಂದಿಲ್ಲ, ಬರಬೇಕಾದದ್ದು ನಾಳೆ. ಆದರೂ ‘ನಾಳೆ ಮಳೆ ಬರುತ್ತದರೆ’ ಎಂದು ಯಾರೂ ಹೇಳುವುದಿಲ್ಲ. ಷರತ್ತಿನ ಭಾಗದ ಕ್ರಿಯಾಪದ ಕ್ಯಾಲೆಂಡರ್ ನೋಡಿ ನಡೆಯುವುದಿಲ್ಲ ಎನ್ನುವುದು ಕನ್ನಡದ ಮಗುವಿಗೆ ಚಿಕ್ಕಂದಿನಿಂದಲೇ ಗೊತ್ತು, ಗೊತ್ತಿದೆ ಎನ್ನುವುದು ಮಾತ್ರ ಗೊತ್ತಿಲ್ಲ. ಕನ್ನಡ ಅಲ್ಲಿ ಭೂತಕಾಲ ಇಡುತ್ತದೆ, ಇಂಗ್ಲಿಷ್ ವರ್ತಮಾನ ಇಡುತ್ತದೆ. ಭವಿಷ್ಯವನ್ನು ಎರಡೂ ಇಡುವುದಿಲ್ಲ. ‘ಇಫ್ ಇಟ್ ರೇನ್ಸ್ ಟುಮಾರೋ, ವಿ ವಿಲ್ ಪ್ಲ್ಯಾಂಟ್.’ ಇಷ್ಟನ್ನು ತೋರಿಸಿದರೆ ‘ವಿಲ್’ ತಾನಾಗಿ ಎರಡನೇ ಭಾಗಕ್ಕೆ ಸರಿಯುತ್ತದೆ.

ಎರಡನೆಯ ತಪ್ಪಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹೆಚ್ಚು ಗಮನಕ್ಕೆ ಬಾರದೆ ಉಳಿದಿರುವುದು ಅದು. ‘ಮೇ ತಿಂಗಳಲ್ಲಿ ಮಳೆ ಬಂದಿದ್ದರೆ ಸಸಿ ನೆಡುತ್ತಿದ್ದೆವು’ ಎಂಬುದನ್ನು ಇಂಗ್ಲಿಷಿಗೆ ತರಲು ಹೇಳಿ. ಚೆನ್ನಾಗಿ ಓದುವ ಮಕ್ಕಳೂ ಬರೆಯುವುದು ‘ಇಫ್ ಇಟ್ ಹ್ಯಾಡ್ ರೇನ್ಡ್ ಇನ್ ಮೇ, ವಿ ವರ್ ಪ್ಲ್ಯಾಂಟಿಂಗ್’. ನಾವು ಕೆಂಪು ಶಾಯಿಯಲ್ಲಿ ಗೀಟು ಎಳೆದು ‘ವುಡ್ ಹ್ಯಾವ್ ಪ್ಲ್ಯಾಂಟೆಡ್’ ಎಂದು ಬರೆದು ಮುಂದೆ ಹೋಗುತ್ತೇವೆ. ಆ ‘ವರ್ ಪ್ಲ್ಯಾಂಟಿಂಗ್’ ಎಲ್ಲಿಂದ ಬಂತು? ‘ನೆಡುತ್ತಿದ್ದೆವು’ ಎಂಬುದು ಕನ್ನಡದಲ್ಲಿ ಎರಡು ಕೆಲಸ ಮಾಡುತ್ತದೆ. ‘ನೀವು ಬಂದಾಗ ನಾವು ನೆಡುತ್ತಿದ್ದೆವು’ ಎಂದರೆ ಕೆಲಸ ನಿಜವಾಗಿ ನಡೆಯುತ್ತಿತ್ತು. ‘ಮಳೆ ಬಂದಿದ್ದರೆ ನೆಡುತ್ತಿದ್ದೆವು’ ಎಂದರೆ ಕೆಲಸ ನಡೆಯಲೇ ಇಲ್ಲ. ಒಂದೇ ರೂಪ, ಅರ್ಥ ಎದುರುಬದುರು. ಮಗು ಮೊದಲನೆಯ ಅರ್ಥದ ಇಂಗ್ಲಿಷನ್ನು ಪಾಸ್ಟ್ ಕಂಟಿನ್ಯೂಯಸ್ ಎಂದು ಕಲಿತಿದೆ, ಅದನ್ನೇ ಇಲ್ಲೂ ಇಟ್ಟಿದೆ. ಅದು ಬುದ್ಧಿವಂತಿಕೆಯ ತಪ್ಪು. ‘ಆ ಕೆಲಸ ನಡೆಯಿತೇ, ನಡೆಯಲಿಲ್ಲವೇ?’ ಎಂದು ಒಂದು ಪ್ರಶ್ನೆ ಕೇಳಿ. ನಡೆಯಲಿಲ್ಲ ಎಂದರೆ ಅಲ್ಲಿಗೆ ‘ವುಡ್’ ಬೇಕು. ಆಮೇಲೆ ಇನ್ನೊಂದು ಪ್ರಶ್ನೆ: ‘ಇದು ಈಗಿನ ಮಾತೋ, ಕಳೆದುಹೋದ ಮಾತೋ?’ ಕಳೆದುಹೋದದ್ದಾದರೆ ‘ವುಡ್ ಹ್ಯಾವ್’. ಕನ್ನಡದಲ್ಲಿ ಈ ಎರಡನೆಯ ಭೇದ ಕ್ರಿಯಾಪದದಲ್ಲಿ ಅಷ್ಟು ಖಚಿತವಾಗಿ ಕಾಣುವುದಿಲ್ಲ. ‘ನನ್ನ ಹತ್ತಿರ ದುಡ್ಡಿದ್ದಿದ್ದರೆ ಕೊಡುತ್ತಿದ್ದೆ’ ಎಂಬುದನ್ನು ಈಗಿನ ಕೈಸೋತ ಸ್ಥಿತಿಗೂ ಹೇಳುತ್ತೇವೆ, ಹೋದ ವರ್ಷದ ಮದುವೆಯ ಖರ್ಚಿಗೂ ಹೇಳುತ್ತೇವೆ. ಆದ್ದರಿಂದಲೇ ಸೆಕೆಂಡ್ ಮತ್ತು ಥರ್ಡ್ ಕಂಡೀಷನಲ್ ನಮ್ಮ ಮಕ್ಕಳ ಬರಹದಲ್ಲಿ ಒಂದರೊಳಗೊಂದು ಸೇರಿಹೋಗುವುದು. ಸೂತ್ರ ಎಷ್ಟು ಸಲ ಹೇಳಿಸಿದರೂ ಈ ಗಂಟು ಬಿಡುವುದಿಲ್ಲ, ಆ ಎರಡು ಪ್ರಶ್ನೆಗಳನ್ನು ಕೇಳಿ ಕೇಳಿ ಅಭ್ಯಾಸವಾದರೆ ಬಿಡುತ್ತದೆ.

ಉದಾಹರಣೆಗಳು ನಮ್ಮ ನೆಲದಲ್ಲೇ ಇವೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೇಣಿದಾರರಾಗಿದ್ದ ಅನೇಕ ಮನೆಗಳಿಗೆ ಜಮೀನು ಬಂತು. ಹತ್ತನೇ ತರಗತಿಯಲ್ಲಿ ಈ ವಾಕ್ಯ ಬರೆಯಿರಿ: ‘ಇಫ್ ದಿ ಲಾ ಹ್ಯಾಡ್ ನಾಟ್ ಚೇಂಜ್ಡ್ ಇನ್ 1974, ಮೆನಿ ಫ್ಯಾಮಿಲೀಸ್ ವುಡ್ ನಾಟ್ ಹ್ಯಾವ್ ಗಾಟ್ ದೇರ್ ಲ್ಯಾಂಡ್.’ ಕಾಯ್ದೆ ಬದಲಾಯಿತು, ಜಮೀನು ಸಿಕ್ಕಿತು. ವಾಕ್ಯ ಹೇಳುತ್ತಿರುವುದು ಅದರ ತಿರುವುಮುರುವನ್ನು. ಕಬಿನಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಮೊಮ್ಮಕ್ಕಳು ಎಚ್.ಡಿ. ಕೋಟೆಯ ತರಗತಿಗಳಲ್ಲಿದ್ದಾರೆ. ಅಣೆಕಟ್ಟೆ ಬರದಿದ್ದಿದ್ದರೆ ತಮ್ಮ ಮನೆ ಎಲ್ಲಿರುತ್ತಿತ್ತು ಎಂಬುದನ್ನು ಅವರು ಅಜ್ಜಿಯ ಬಾಯಲ್ಲಿ ಕೇಳಿದ್ದಾರೆ. ‘ಥರ್ಡ್ ಕಂಡೀಷನಲ್’ ಎಂಬ ಹೆಸರು ಹೇಳುವುದಕ್ಕಿಂತ ಮೊದಲು ಆ ಮಾತನ್ನು ಹೇಳಿಸಿ.

ಇನ್ನು ‘ಫಸ್ಟ್’ ಮತ್ತು ‘ಸೆಕೆಂಡ್’ ನಡುವಿನ ಗೆರೆ. ಒಂದು ನಿಜ, ಇನ್ನೊಂದು ಕಲ್ಪನೆ ಎಂದು ಹೇಳಿ ಮುಗಿಸುತ್ತೇವೆ. ಅದು ಅರ್ಧ ಸತ್ಯ. ಹುಣಸೂರು, ಪಿರಿಯಾಪಟ್ಟಣದ ಮೇಲೆ ಹಾದುಹೋಗಬೇಕೆಂಬ ಮೈಸೂರು–ಕುಶಾಲನಗರ ರೈಲುಮಾರ್ಗದ ಮಾತನ್ನು ನಾವೆಲ್ಲ ವರ್ಷಗಳಿಂದ ಕೇಳುತ್ತಿದ್ದೇವೆ. ‘ರೈಲು ಬಂದರೆ ಮೈಸೂರಿಗೆ ಓದಲು ಹೋಗುವುದು ಸುಲಭ’ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಲು ಎರಡು ದಾರಿ ಇವೆ. ‘ಇಫ್ ದಿ ಟ್ರೈನ್ ಕಮ್ಸ್, ಇಟ್ ವಿಲ್ ಬಿ ಈಸಿ’ ಎನ್ನುವವನು ರೈಲು ಬಂದೀತು ಎಂದು ನಂಬಿದ್ದಾನೆ. ‘ಇಫ್ ದಿ ಟ್ರೈನ್ ಕೇಮ್, ಇಟ್ ವುಡ್ ಬಿ ಈಸಿ’ ಎನ್ನುವವನಿಗೆ ಆ ಭರವಸೆ ಇಲ್ಲ. ಎರಡೂ ವ್ಯಾಕರಣಕ್ಕೆ ಸರಿ. ಹಳಿಗಳ ಸ್ಥಿತಿ ಇಬ್ಬರಿಗೂ ಒಂದೇ. ಬೇರೆಯಾದದ್ದು ಹೇಳುವವನ ನಂಬಿಕೆ. ಆದ್ದರಿಂದ ಯಾವುದು ಸರಿ ಎಂದು ಕೇಳುವ ಬದಲು ನೀನು ನಂಬುತ್ತೀಯಾ ಎಂದು ಕೇಳಿ. ತರಗತಿಯನ್ನು ಎರಡು ಗುಂಪು ಮಾಡಿ, ನಂಬುವವರು ಒಂದು ಕಡೆ, ನಂಬದವರು ಇನ್ನೊಂದು ಕಡೆ, ಇಬ್ಬರೂ ತಮ್ಮ ತಮ್ಮ ವ್ಯಾಕರಣದಲ್ಲೇ ವಾದ ಮಾಡಲಿ. ‘ಅತ್ತೆಗೆ ಮೀಸೆ ಬಂದರೆ’ ಎಂಬ ಗಾದೆಯಲ್ಲಿ ‘ಬಂದರೆ’ ಇದ್ದರೂ ಯಾರೂ ಅದನ್ನು ನಾಳೆ ಆಗುವ ಸಂಗತಿ ಎಂದುಕೊಳ್ಳುವುದಿಲ್ಲ. ಕನ್ನಡದಲ್ಲಿ ಆ ಅಪನಂಬಿಕೆಯನ್ನು ಸಂದರ್ಭ ಹೊರುತ್ತದೆ, ಇಂಗ್ಲಿಷಿನಲ್ಲಿ ಕ್ರಿಯಾಪದವೇ ಹೊರಬೇಕು.

‘ಇಫ್ ಐ ವರ್’ ಎಂಬಲ್ಲಿ ‘ಐ’ ಪಕ್ಕ ‘ವರ್’ ಹೇಗೆ ಬಂತು ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಅದು ಹಳೆಯ ಇಂಗ್ಲಿಷಿನಲ್ಲಿ ಕಲ್ಪನೆಗೆಂದೇ ಇದ್ದ ಕ್ರಿಯಾರೂಪದ ಉಳಿಕೆ. ಈಗ ಇಂಗ್ಲಿಷರೇ ಆಡುಮಾತಿನಲ್ಲಿ ‘ವಾಸ್’ ಎನ್ನುವುದುಂಟು, ಪರೀಕ್ಷೆಗೆ ‘ವರ್’ ಎಂದು ಹೇಳಿ ಮುಂದೆ ಹೋಗಬಹುದು. ಅಲ್ಪವಿರಾಮದ ವಿಚಾರವೂ ಅಷ್ಟೇ ಸಣ್ಣದು: ‘ಇಫ್’ ಭಾಗ ಮೊದಲು ಬಂದರೆ ಅದರ ಕೊನೆಗೆ ಹಾಕಬೇಕು, ಆಮೇಲೆ ಬಂದರೆ ಬೇಡ. ‘ಬರ್ತೀನಿ, ಮಳೆ ನಿಂತ್ರೆ’ ಎಂದು ನಾವೂ ತಿರುಗಿಸಿ ಹೇಳುತ್ತೇವಲ್ಲ, ಹಾಗೆ ಅವರೂ ಹೇಳುತ್ತಾರೆ.

‘ಅನ್‌ಲೆಸ್’ ಹಾಗಲ್ಲ, ಅದಕ್ಕೆ ಒಂದು ಇಡೀ ಪಿರಿಯಡ್ ಬೇಕು. ‘ಮಳೆ ಬರದ ಹೊರತು ನೆಡುವುದಿಲ್ಲ.’ ಕನ್ನಡದಲ್ಲಿ ‘ಹೊರತು’ ಹಿಂದೆ ‘ಬರದ’ ಎಂಬ ನಿಷೇಧ ಇದೆ. ಮಗು ಅದನ್ನು ನಿಷ್ಠೆಯಿಂದ ದಾಟಿಸಿ ‘ಅನ್‌ಲೆಸ್ ಇಟ್ ಡಸಂಟ್ ರೇನ್’ ಎಂದು ಬರೆಯುತ್ತದೆ, ಅರ್ಥ ತಲೆಕೆಳಗಾಗುತ್ತದೆ. ಇಂಗ್ಲಿಷಿನ ‘ಅನ್‌ಲೆಸ್’ ತನ್ನ ಹೊಟ್ಟೆಯಲ್ಲೇ ‘ಇಲ್ಲ’ ಇಟ್ಟುಕೊಂಡಿದೆ, ಇನ್ನೊಂದು ‘ನಾಟ್’ ಬೇಡ. ‘ಬಂದರೂ’ ಎಂಬುದು ಇನ್ನೊಂದು ಕವಲುದಾರಿ. ‘ಆನೆ ಬಂದರೂ ಬೆಳೆ ಉಳಿಯಿತು’ ಎಂದರೆ ಆನೆ ಬಂದಿತ್ತು, ಅಲ್ಲಿ ‘ಆಲ್ದೋ’. ‘ಆನೆ ಬಂದರೂ ನಾನು ಹೊಲ ಬಿಟ್ಟು ಹೋಗಲ್ಲ’ ಎಂದರೆ ಇನ್ನೂ ಬಂದಿಲ್ಲ, ಅಲ್ಲಿ ‘ಈವನ್ ಇಫ್’. ನಾಗರಹೊಳೆಯ ಅಂಚಿನ ಮಕ್ಕಳಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಎರಡು ಬೇರೆ ಮಾತುಗಳಿವೆ ಎಂದಷ್ಟೇ ತಿಳಿಸಬೇಕು. ‘ಹಿ ಕೇಮ್ ಮೀನ್ಸ್ ಐ ವಿಲ್ ಟೆಲ್’ ಎಂಬ ನಮ್ಮ ಕಡೆಯ ಇಂಗ್ಲಿಷೂ ‘ಅಂದ್ರೆ’ಯಿಂದ ಹುಟ್ಟಿದ್ದು. ಅದನ್ನು ಆಡಿದ ಮಗುವನ್ನು ನಗೆಪಾಟಲು ಮಾಡಬೇಡಿ. ಅದು ಷರತ್ತನ್ನು ಸರಿಯಾಗಿ ಗುರುತಿಸಿದೆ, ‘ಮೀನ್ಸ್’ ಜಾಗದಲ್ಲಿ ‘ಇಫ್’ ಮುಂದಕ್ಕೆ ಬರಬೇಕು, ‘ಕೇಮ್’ ಹೋಗಿ ‘ಕಮ್ಸ್’ ಆಗಬೇಕು, ಅಷ್ಟೇ ಬಾಕಿ.

ಪಕ್ಕದ ಕೋಣೆಯ ಕನ್ನಡ ಮೇಷ್ಟ್ರ ಜೊತೆ ಒಂದು ಸಲ ಕೂತು ಮಾತಾಡಿ ಎಂದೂ ಕೇಳಿಕೊಳ್ಳುತ್ತೇನೆ. ಅವರು ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂದು ಮಕ್ಕಳಿಗೆ ಕ್ರಿಯಾರೂಪಗಳನ್ನು ಕಲಿಸಿರುತ್ತಾರೆ. ‘ಮಳೆ ಬಂದರೆ ಬೆಳೆ ಆದೀತು’ ಎಂಬಲ್ಲಿನ ‘ಆದೀತು’ ಖಚಿತವಲ್ಲ, ಸಾಧ್ಯತೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಮೇ’, ‘ಮೈಟ್’ ಇವೆ. ನಮ್ಮ ಹಲಗೆಯ ಸೂತ್ರದಲ್ಲಿ ‘ವಿಲ್’ ಬಿಟ್ಟು ಬೇರೆಯದಕ್ಕೆ ಜಾಗವೇ ಇಲ್ಲದ್ದರಿಂದ ಮಕ್ಕಳು ಅನುಮಾನವನ್ನೂ ಖಚಿತವಾಗಿ ಹೇಳಿಬಿಡುತ್ತಾರೆ. ಕನ್ನಡದ ವ್ಯಾಕರಣವನ್ನು ಅದರ ಸ್ವಂತ ನಡೆಯಲ್ಲೇ ನೋಡಬೇಕೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ತಮ್ಮ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಪುಸ್ತಕದಲ್ಲಿ ವಾದಿಸಿದ್ದಾರೆ. ಇಂಗ್ಲಿಷ್ ಮೇಷ್ಟ್ರಿಗೂ ಆ ನೋಟ ಉಪಯೋಗಕ್ಕೆ ಬರುತ್ತದೆ ಎನ್ನುವುದು ನನ್ನ ನಂಬಿಕೆ.

ಅರ್ಥದ ಕಡೆಗೆ ಮನಸ್ಸಿದ್ದಾಗಲೇ ವ್ಯಾಕರಣ ಒಳಗಿಳಿಯುತ್ತದೆ ಎನ್ನುವುದು ನನ್ನ ಸ್ವಂತ ಕಲ್ಪನೆಯಲ್ಲ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ಬೆಂಗಳೂರು ಮತ್ತು ತಮಿಳುನಾಡಿನ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಅದಕ್ಕೆ ಜೊತೆಯಾಗಿತ್ತು. ವ್ಯಾಕರಣದ ನಿಯಮ ಹೇಳಿಕೊಡದೆ ಮಕ್ಕಳಿಗೆ ನಕ್ಷೆ, ವೇಳಾಪಟ್ಟಿ ಇಂಥವನ್ನು ಕೊಟ್ಟು ಬಿಡಿಸಬೇಕಾದ ಸಮಸ್ಯೆ ಒಡ್ಡುತ್ತಿದ್ದರು. ಬಿಡಿಸುವ ಗಡಿಬಿಡಿಯಲ್ಲಿ ಭಾಷೆ ಕೂಡಿಕೊಳ್ಳುತ್ತಿತ್ತು. 1987ರಲ್ಲಿ ಅವರು ಅದರ ಬಗ್ಗೆ ಬರೆದ ಪುಸ್ತಕವನ್ನು ಜಗತ್ತಿನಾದ್ಯಂತ ಭಾಷಾ ಶಿಕ್ಷಕರು ಓದಿದರು. ಹೊರದೇಶದವರು ಆ ಪ್ರಯೋಗವನ್ನು ಬೆಂಗಳೂರಿನ ಹೆಸರಿನಿಂದಲೇ ಗುರುತಿಸುತ್ತಾರೆ. ನಿಯಮ ಹೇಳಲೇಬಾರದು ಎನ್ನುವಷ್ಟು ದೂರ ನಾನು ಹೋಗುವುದಿಲ್ಲ, ನಮ್ಮ ಮಕ್ಕಳಿಗೆ ಪರೀಕ್ಷೆಯೂ ಇದೆ. ಆದರೆ ಹುಣಸೂರು ಬಸ್ ನಿಲ್ದಾಣದ ವೇಳಾಪಟ್ಟಿಯನ್ನು ಬರೆದುಕೊಂಡು ಬಂದು, ಬೆಳಗಿನ ಬಸ್ಸು ತಪ್ಪಿದರೆ ಮೈಸೂರು ತಲುಪುವುದು ಎಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕಿಸಿದರೆ ಆ ಮಗು ‘ಇಫ್ ಯು ಮಿಸ್’ ಎಂಬುದನ್ನು ತನ್ನ ಅಗತ್ಯಕ್ಕೆ ಬಳಸುತ್ತದೆ. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಜಲಾಶಯಗಳ ಮಟ್ಟ ಮುದ್ರಿಸುತ್ತವೆ. ಕಬಿನಿಯ ಗರಿಷ್ಠ ಮಟ್ಟ 2,284 ಅಡಿ. ಇವತ್ತಿನ ಮಟ್ಟ ನೋಡಿ, ವಯನಾಡಿನಲ್ಲಿ ಇನ್ನೂ ಮಳೆ ಸುರಿದರೆ ಏನಾಗುತ್ತದೆ, ಬಾಗಿಲು ತೆರೆದರೆ ಕೆಳಗಿನ ಊರುಗಳವರು ಏನು ಮಾಡಬೇಕು ಎಂದು ನಾಲ್ಕು ವಾಕ್ಯ ಬರೆಸಿ. ಕೆ.ಆರ್. ನಗರದ ಮಕ್ಕಳಿಗೆ ಇದೇ ಲೆಕ್ಕವನ್ನು ನಾಲೆಯ ನೀರು ಮತ್ತು ಭತ್ತದ ನಾಟಿಗೆ ಹೊಂದಿಸಬಹುದು.

ಎಚ್.ಡಿ. ಕೋಟೆಯ ಶಿಕ್ಷಕರಿಗೆ ಒಂದು ಮಾತು ಬೇರೆಯಾಗಿ. ನಿಮ್ಮ ತರಗತಿಯ ಜೇನುಕುರುಬರ ಮಕ್ಕಳಿಗೆ ಮನೆಯ ಮಾತೇ ಬೇರೆ, ಶಾಲೆಯ ಕನ್ನಡ ಅವರು ಬಂದು ಕಲಿತದ್ದು. ನಾನು ಇಲ್ಲಿ ಹೇಳಿದ ಕನ್ನಡದ ಆಸರೆ ಅವರಿಗೆ ಪೂರ್ತಿ ಆಸರೆಯಲ್ಲ. ‘ಹಾಡಿಯಲ್ಲಿ ಇದನ್ನು ಹೇಗೆ ಹೇಳ್ತೀರಪ್ಪಾ?’ ಎಂದು ಅವರನ್ನೇ ಕೇಳಿ, ಅವರು ಹೇಳಿದ ವಾಕ್ಯವನ್ನೂ ಹಲಗೆಯ ಮೇಲೆ ಬರೆಯಿರಿ. ಜೇನು ಬಿಡಿಸುವವರ ಮನೆಯಲ್ಲಿ ಹೊಗೆ ಕಡಿಮೆಯಾದರೆ ಏನಾಗುತ್ತದೆ, ಹೂವು ಬಿಡದ ವರ್ಷ ಜೇನು ಎಲ್ಲಿ ಸಿಗುತ್ತದೆ ಎಂಬ ಷರತ್ತುಗಳೇ ಜ್ಞಾನ. ಇಂಗ್ಲಿಷಿಗೆ ದಾರಿ ಅವರ ಮಾತಿನಿಂದಲೂ ಹೊರಡಬಹುದು.

ಕಡೆಗೆ ನನ್ನ ಬೇಡಿಕೆ. ಈ ಪಾಠವನ್ನು ಫೆಬ್ರವರಿಯ ಪರೀಕ್ಷಾ ತಯಾರಿಯವರೆಗೆ ಉಳಿಸಿಕೊಳ್ಳಬೇಡಿ. ಜೂನ್‌ನಲ್ಲಿ ಶುರು ಮಾಡಿ. ಆಗ ನಾಲ್ಕೂ ತಾಲ್ಲೂಕಿನಲ್ಲಿ ಮಳೆಯ ಮಾತೇ ಮಾತು, ಮಕ್ಕಳ ಕಿವಿಯ ತುಂಬ ‘ಬಂದ್ರೆ’, ‘ಬರದಿದ್ರೆ’ ಇರುತ್ತವೆ. ತಂಬಾಕಿನ ಹರಾಜು ಶುರುವಾಗುವ ಹೊತ್ತಿಗೆ ಅದೇ ಪಾಠವನ್ನು ಬೆಲೆಯ ಮಾತಿನ ಮೂಲಕ ಮತ್ತೆ ತೆಗೆಯಿರಿ. ಬೆಲೆ ಬಿದ್ದ ವರ್ಷ ‘ಬೇರೆ ಬೆಳೆ ಹಾಕಿದ್ದರೆ’ ಎಂಬ ಮಾತು ಪ್ರತಿ ಮನೆಯಲ್ಲೂ ಕೇಳುತ್ತದೆ, ಅದು ‘ವುಡ್ ಹ್ಯಾವ್’ ಕಲಿಸುವ ಕಾಲ. ಆಂತರಿಕ ಮೌಲ್ಯಮಾಪನದ 20 ಅಂಕಗಳ ಚಟುವಟಿಕೆಗಳಲ್ಲಿ ಒಂದನ್ನು ಮಗು ತನ್ನ ಊರಿನ ಬಗ್ಗೆ ಬರೆದ ಷರತ್ತಿನ ವಾಕ್ಯಗಳಿಗೆ ಕೊಡಿ, ಮತ್ತು ಅದನ್ನು ತಿದ್ದುವಾಗ ಕೆಂಪು ಗೀಟಿನ ಪಕ್ಕದಲ್ಲಿ ‘ನಡೆಯಿತೇ, ನಡೆಯಲಿಲ್ಲವೇ?’ ಎಂದು ಕನ್ನಡದಲ್ಲಿ ಕೇಳಿ. ನಿಮ್ಮ ತಾಲ್ಲೂಕು ಮಟ್ಟದ ಸಭೆಗಳಲ್ಲಿ ಮಕ್ಕಳ ಆ ವಾಕ್ಯಗಳನ್ನು ತಂದು ಪರಸ್ಪರ ಹಂಚಿಕೊಳ್ಳಿ. ಪಿರಿಯಾಪಟ್ಟಣದ ಮಗುವಿನ ಬ್ಯಾರನ್ ವಾಕ್ಯ ಕೆ.ಆರ್. ನಗರದ ತರಗತಿಗೂ, ಹಾಡಿಯ ಮಗುವಿನ ಜೇನಿನ ವಾಕ್ಯ ಹುಣಸೂರಿಗೂ ಹೋಗಲಿ. ಆ ವಾಕ್ಯಗಳನ್ನು ಓದುವ ಆಸೆ ನನಗಿದೆ.

ಇಂತಿ,
ನಿಮ್ಮ ಹಿಂದಿನ ಸಹೋದ್ಯೋಗಿ